ನಮ್ಮೂರಿಗೆ ಯಾವಾಗ ಮುಟ್ಟಿತು?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಲೋಕದ ಇತಿಹಾಸ ತಿರುಗಿದ ಗಳಿಗೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ನಾನು 34 ವರ್ಷ ಈ ಕಡೆಯ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿದವಳು. ಎಷ್ಟೋ ಅಕ್ಷರ ನನ್ನ ಹಳೇ ಮಕ್ಕಳದೇ ಇರಬೇಕು ಅನಿಸಿ ಖುಷಿಯಾಯಿತು.

ಪ್ರಶ್ನೆ: ಮೇಡಂ, ನಾನು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಲೋಕದ ಗತಿ ಬದಲಿಸಿದ ಯುದ್ಧಗಳ ಉದ್ದದ ಪಟ್ಟಿ ಇದೆ. ಅದರಲ್ಲಿ ನೀವು ಯಾವುದನ್ನು ಮೊದಲು ಇಡುತ್ತೀರಿ? (ಯುವತಿ, ಕಲಬುರಗಿ)

ಕಳಿಂಗ ಯುದ್ಧವನ್ನು. ಆದರೆ ಯುದ್ಧಕ್ಕಾಗಿ ಅಲ್ಲ ತಾಯಿ, ಯುದ್ಧ ಮುಗಿದ ಮೇಲೆ ಆದದ್ದಕ್ಕಾಗಿ.

ಗೆದ್ದ ರಾಜರು ಅಶೋಕನಿಗಿಂತ ಮೊದಲೂ ಬೇಕಾದಷ್ಟು ಇದ್ದರು. ಅಸಿರಿಯಾದ ಅರಸರು ಎಷ್ಟು ಜನರನ್ನು ಕೊಂದೆವು, ಎಷ್ಟು ಊರು ಸುಟ್ಟೆವು ಎಂದು ಹೆಮ್ಮೆಯಿಂದ ಕಲ್ಲಿಗೆ ಬರೆಸಿದರು. ಅಶೋಕನೂ ಲೆಕ್ಕ ಬರೆಸಿದ. ಪಟ್ಟಕ್ಕೆ ಬಂದು 8 ವರ್ಷವಾಗಿತ್ತು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಒಯ್ದರು, ಅದರ ಎಷ್ಟೋ ಪಟ್ಟು ಜನ ಆಮೇಲೆ ತೀರಿಕೊಂಡರು ಎಂದು 13ನೇ ಬಂಡೆ ಶಾಸನ ಹೇಳುತ್ತದೆ. ಅದರ ಬೆನ್ನಿಗೇ ಇದರಿಂದ ತನಗೆ ನೋವಾಗಿದೆ, ಪಶ್ಚಾತ್ತಾಪವಾಗಿದೆ ಎಂದೂ ಬರೆಸಿದ. ಗೆದ್ದವನು, ಯಾರೂ ಕೇಳದಿದ್ದರೂ, ತನ್ನ ತಪ್ಪನ್ನು ತಾನೇ ಕಲ್ಲಿನ ಮೇಲೆ ಒಪ್ಪಿಕೊಂಡ. ನನಗೆ ತಿರುವು ಕಾಣುವುದು ಆ ಗಳಿಗೆಯಲ್ಲಿ.

ಈಗ ನಮ್ಮ ಊರ ಕಡೆ ಬಾ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿದ್ದೀಯಾ? ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಹೋಗಬಹುದು. ಭೀಮಾ ನದಿಯ ದಂಡೆ, ಚಂದ್ರಲಾಂಬಾ ದೇವಿಯ ಗುಡಿ. 1986ರಲ್ಲಿ ಆ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದು ಬಿತ್ತು, ವಿಗ್ರಹ ಒಡೆಯಿತು. ವಿಗ್ರಹದ ಪೀಠಕ್ಕೆ ಹಾಕಿದ್ದ ಕಲ್ಲು ಹೊರಗೆ ಬಂತು. ನೋಡಿದರೆ ಅದರ ಎರಡೂ ಮಗ್ಗುಲಿಗೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅಶೋಕನ ಮಾತು! ಎಷ್ಟು ತಲೆಮಾರಿನ ಜನ ಅದರ ಮುಂದೆ ಕೈ ಮುಗಿದು ಕಾಯಿ ಒಡೆದಿದ್ದರೋ. ಆಗ ನಾನು ಅದೇ ತಾಲ್ಲೂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್. ಸುದ್ದಿ ಕೇಳಿದ ರಾತ್ರಿ ನಿದ್ದೆ ಬರಲಿಲ್ಲ.

ಆ ಕಲ್ಲಿನಲ್ಲಿ ಉಳಿದಿರುವುದು 12ನೇ ಮತ್ತು 14ನೇ ಶಾಸನದ ಭಾಗಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳ ಭಾಗಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೂ ಮೊದಲು ಸಿಕ್ಕಿದ್ದು ಕಳಿಂಗದಲ್ಲಿ ಮಾತ್ರ, ಧೌಲಿ ಮತ್ತು ಜೌಗಡದಲ್ಲಿ. ಅಲ್ಲಿ 13ನೇ ಶಾಸನವನ್ನು ಕೆತ್ತಿಸಲೇ ಇಲ್ಲ. ಸತ್ತವರ ಲೆಕ್ಕವನ್ನು ಸತ್ತವರ ಮಕ್ಕಳ ಕಣ್ಣ ಮುಂದೆ ನಿಲ್ಲಿಸುವುದು ಬೇಡ ಅನಿಸಿರಬೇಕು ಎಂದು ಬಹಳ ವಿದ್ವಾಂಸರು ಓದುತ್ತಾರೆ. ಅದರ ಬದಲು "ಎಲ್ಲ ಮನುಷ್ಯರೂ ನನ್ನ ಮಕ್ಕಳು" ಎಂಬ ಮಾತಿರುವ ಶಾಸನ ಹಾಕಿಸಿದ. ಅದು ಬರೀ ಒಳ್ಳೆಯ ಮಾತಲ್ಲ, ಅಧಿಕಾರಿಗಳಿಗೆ ಕೊಟ್ಟ ಕಟ್ಟಪ್ಪಣೆ. ಜನರನ್ನು ಸುಮ್ನೆ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಎನ್ನುತ್ತದೆ. ಅಧಿಕಾರಿ ನ್ಯಾಯ ತಪ್ಪುವುದು ಯಾವುದರಿಂದ ಎಂದೂ ಎಣಿಸಿ ಹೇಳುತ್ತದೆ: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ರೂಢಿ ಇಲ್ಲದಿರುವುದು, ಸೋಮಾರಿತನ, ದಣಿವು. ದಣಿವೂ ಇದೆ ನೋಡು. ನೀನು ನಾಳೆ ಅಧಿಕಾರಿಯಾಗಿ ಸಂಜೆ ಆರು ಗಂಟೆಗೆ ಕೊನೆಯ ಫೈಲು ತೆಗೆದಾಗ ಇದು ನೆನಪಿರಲಿ.

ಸನ್ನತಿಯ ಪಕ್ಕದಲ್ಲೇ ಕನಗನಹಳ್ಳಿ. 1994ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಯಿತು. ಸುಣ್ಣಕಲ್ಲಿನ ದೊಡ್ಡ ಸ್ತೂಪ ಸಿಕ್ಕಿತು. ಒಂದು ಫಲಕದಲ್ಲಿ ರಾಜ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ, ಛತ್ರ ಹಿಡಿದವರು, ಚಾಮರ ಹಿಡಿದವರು. ಮೇಲೆ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಎಂದು ಬರೆದಿದೆ. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿ ಬಗ್ಗಿ ನೋಡಿ, "ಅಕ್ಕೋರೆ, ಇಲ್ಲಿ ಕೂಡಿಸುವ ಗುರುತು ಇದೆ" ಅಂದಳು. ಹೌದು, ಬ್ರಾಹ್ಮಿಯ 'ಕ' ಅಕ್ಷರ ಗಣಿತದ ಕೂಡಿಸುವ ಚಿಹ್ನೆಯ ಹಾಗೇ ಇರುತ್ತದೆ. ಅವಳು ಕಲಿತ ಮೊದಲ ಬ್ರಾಹ್ಮಿ ಅಕ್ಷರ ಅದು.

ಈ ಲಿಪಿಯನ್ನೇ ಜನ ಮರೆತುಬಿಟ್ಟಿದ್ದರು ಎಂಬುದನ್ನೂ ತಿಳಿದಿರಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದ. ಓದಿದ ಮೇಲೂ ಶಾಸನಗಳಲ್ಲಿ ಸಿಗುತ್ತಿದ್ದ ಹೆಸರು "ದೇವಾನಾಂಪ್ರಿಯ ಪ್ರಿಯದರ್ಶಿ" ಎಂದು. ಅದರಲ್ಲಿ ಅಶೋಕ ಎಂಬ ಹೆಸರು ಕಣ್ಣಾರೆ ಕಂಡಿದ್ದು 1915ರಲ್ಲಿ, ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್‌ಗೆ ಆ ಬಂಡೆ ಸಿಕ್ಕಿತು. ಆ ಪಶ್ಚಾತ್ತಾಪದ ಮಾತು ಇಷ್ಟೆಲ್ಲ ಸುತ್ತಿ ನಮ್ಮನ್ನು ಮುಟ್ಟಲು ಎರಡು ಸಾವಿರ ವರ್ಷ ದಾಟಿದವು.

ಪ್ರಶ್ನೆ: ಅಕ್ಕೋರೆ, ನಮ್ಮಲ್ಲಿ ಆಗಸ್ಟ್ 15ಕ್ಕೂ ಧ್ವಜ ಹಾರಿಸ್ತಾರೆ, ಸೆಪ್ಟೆಂಬರ್ 17ಕ್ಕೂ ಹಾರಿಸ್ತಾರೆ. ಬೆಂಗಳೂರಿನ ಅಳಿಯ ಯಾಕೆ ಎರಡು ಸಲ ಅಂತ ಕೇಳ್ತಾನೆ. ಹೇಗೆ ತಿಳಿಸಿ ಹೇಳಲಿ? (ಕಿರಾಣಿ ವ್ಯಾಪಾರಿ, ಗುರುಮಠಕಲ್)

1947ರ ಆಗಸ್ಟ್ 15ರಂದು ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು ಎಂದು ಹೇಳಿ. ಭಾರತದ ಸೈನ್ಯ 1948ರ ಸೆಪ್ಟೆಂಬರ್ 13ಕ್ಕೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ನಡುವೆ 13 ತಿಂಗಳು. ನಮ್ಮಪ್ಪ ಆಗ ಹದಿನಾಲ್ಕು ವರ್ಷದ ಹುಡುಗ. ಮನೆಯಲ್ಲಿ ಧ್ವಜವನ್ನು ಜೋಳದ ಚೀಲದೊಳಗೆ ಬಚ್ಚಿಟ್ಟಿದ್ದರಂತೆ. ತೆಗೆದಾಗ ಮಡಿಕೆ ಮಡಿಕೆಯಲ್ಲೂ ಜೋಳದ ಪುಡಿ ಇತ್ತು ಎಂದು ಸಾಯುವ ತನಕ ಹೇಳುತ್ತಿದ್ದರು.

ಅಳಿಯನಿಗೆ ಇನ್ನೊಂದು ಮಾತನ್ನೂ ಹೇಳಿ. ಆ ತಿಂಗಳುಗಳಲ್ಲಿ ನಿಜಾಮರ ಪರ ನಿಂತಿದ್ದ ರಜಾಕಾರರೆಂಬ ಖಾಸಗಿ ಪಡೆಯವರ ಕೈಲಿ ಹಳ್ಳಿ ಹಳ್ಳಿಗಳಲ್ಲಿ ಜನ ಸತ್ತರು. ಸೆಪ್ಟೆಂಬರ್ ಆದ ಮೇಲೆ ಸೇಡಿಗೆ ಎಷ್ಟೋ ಮುಸ್ಲಿಂ ಮನೆಗಳ ಜನ ಸತ್ತರು. ಅದನ್ನು ತಿಳಿಯಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ನಮ್ಮ ಊರಿನ ಕಥೆ ಅರ್ಧವೇ ಆಗುತ್ತದೆ.

ಪ್ರಶ್ನೆ: ನಾನು ಬಿದ್ರಿ ಕೆಲಸದವನು. ಮನೆ ಗವಾನ್ ಮದರಸಾದ ಹತ್ತಿರ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ದಾರಿ ಮುಚ್ಚಿದರು, ಅದಕ್ಕೇ ಯುರೋಪಿನವರು ಸಮುದ್ರದ ಮೇಲೆ ಭಾರತಕ್ಕೆ ಬಂದರು ಅಂತ ಮಗಳು ಬಾಯಿಪಾಠ ಮಾಡ್ತಾಳೆ. ಆಗ ನಮ್ಮ ಬೀದರ್ ಏನು ಮಾಡ್ತಿತ್ತು? (ಬೀದರ್)

ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ಸಾಲನ್ನು ನಾನೂ ಬಹಳ ವರ್ಷ ಹಾಗೇ ಪಾಠ ಮಾಡಿದೆ. ಅದು ಸರಿಯಿಲ್ಲ, ಮಗಳಿಗೆ ಹೇಳಿ. ಕಾನ್‌ಸ್ಟಾಂಟಿನೋಪಲ್ 1453ರ ಮೇ 29ರಂದು ಬಿದ್ದದ್ದು ನಿಜ. ಸಾವಿರ ವರ್ಷ ಹಳೆಯ ಗೋಡೆಯನ್ನು ಎರಡನೇ ಮೆಹಮದ್‌ನ ದೊಡ್ಡ ಫಿರಂಗಿಗಳು ಒಡೆದವು. ಆದರೆ ಮೆಣಸು ಹೋಗುತ್ತಿದ್ದ ಮುಖ್ಯ ದಾರಿ ಅದಲ್ಲ. ನಮ್ಮ ಕರಾವಳಿಯ ಮೆಣಸು ಕೆಂಪು ಸಮುದ್ರ ಹಿಡಿದು ಈಜಿಪ್ಟಿಗೆ ಹೋಗಿ, ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ ವ್ಯಾಪಾರಿಗಳ ಕೈ ಸೇರುತ್ತಿತ್ತು. 1453ರ ಆಮೇಲೂ ಸೇರುತ್ತಿತ್ತು. ತುರ್ಕರು ಈಜಿಪ್ಟ್ ಹಿಡಿದದ್ದು 1517ರಲ್ಲಿ, ವಾಸ್ಕೋ ಡ ಗಾಮ ಕೋಳಿಕ್ಕೋಡಿನ ಹತ್ತಿರ ಇಳಿದು 19 ವರ್ಷವಾದ ಮೇಲೆ. ಪೋರ್ಚುಗೀಸರು 1415ರಲ್ಲೇ ಆಫ್ರಿಕಾದ ಸೆಉಟಾ ಹಿಡಿದು ದಕ್ಷಿಣಕ್ಕೆ ಹೊರಟಿದ್ದರು. ವೆನಿಸ್‌ನವರಿಗೆ ಸಿಗುವ ಲಾಭ ತಮಗೆ ಬೇಕಿತ್ತು, ಅಷ್ಟೇ.

ಇನ್ನು ಬೀದರ್. ಅದೇ 1453ರಲ್ಲಿ ಇರಾನಿನ ಗಿಲಾನ್ ಕಡೆಯ ಒಬ್ಬ ವ್ಯಾಪಾರಿ ದಾಭೋಳ ಬಂದರಿಗೆ ಬಂದ. ಅಲ್ಲಿಂದ ಬೀದರಿಗೆ. ಅವರೇ ಮಹಮೂದ್ ಗವಾನ್. ವ್ಯಾಪಾರಿಯಾಗಿ ಬಂದವರು ಬಹಮನಿ ರಾಜ್ಯದ ಪ್ರಧಾನಿಯಾದರು. ಅವರು ಬರೆದ ಪತ್ರಗಳ ಸಂಗ್ರಹ ಉಳಿದಿದೆ. ಅದರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಅದೇ ಮೆಹಮದ್‌ಗೆ ಬರೆದ ಪತ್ರಗಳೂ ಇವೆ. ಅಂದರೆ ನಿಮ್ಮ ಓಣಿಯಿಂದ ಇಸ್ತಾನ್‌ಬುಲ್‌ಗೆ (ಕಾನ್‌ಸ್ಟಾಂಟಿನೋಪಲ್‌ಗೆ ಈಗಿನ ಹೆಸರು) ಕಾಗದ ಹೋಗುತ್ತಿತ್ತು! 1472ರಲ್ಲಿ ಮದರಸಾ ಎದ್ದು ನಿಂತಿತು. ಮೂರು ಸಾವಿರ ಹಸ್ತಪ್ರತಿಗಳಿದ್ದವಂತೆ. ಆ ಹೊತ್ತಿಗೆ ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿಯೂ ಒಂದು ಕುದುರೆ ಹಿಡಿದುಕೊಂಡು ಬಂದ. ಚೌಲ್, ಜುನ್ನರ್ ದಾಟಿ ಬೀದರಿಗೆ ಬಂದು ಆ ಕುದುರೆ ಮಾರಿದ. ವಾಸ್ಕೋ ಬರುವುದಕ್ಕೆ ಸುಮಾರು 30 ವರ್ಷ ಮೊದಲು. ಶ್ರೀಮಂತರ ವೈಭವ ಹೇಳಲಾರದಷ್ಟು, ಹಳ್ಳಿಯ ಜನ ಬಹಳ ಬಡವರು ಎಂದು ಅವನು ಬರೆದಿಟ್ಟ. ಅರಮನೆಯ ಚಿನ್ನದ ಜೊತೆಗೆ ಹಳ್ಳಿಯ ಬಡತನವನ್ನೂ ನೋಡಿದನಲ್ಲ, ಅದಕ್ಕೇ ನನಗೆ ಅವನ ಮೇಲೆ ಪ್ರೀತಿ.

ನನ್ನನ್ನು ಕೇಳಿದರೆ ಬೀದರ್ ತಿರುಗಿದ ಗಳಿಗೆ 1481ರ ಏಪ್ರಿಲ್ 5. ಗವಾನರನ್ನು ಕಂಡರೆ ಆಗದವರು ಅವರ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದ ಹಾಗೆ ಅದರ ಮೇಲೆ ಬರೆದು ಸುಲ್ತಾನನ ಕೈಗೆ ಕೊಟ್ಟರು. ಸುಲ್ತಾನ ಕುಡಿದಿದ್ದ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಎಪ್ಪತ್ತರ ಆಸುಪಾಸಿನ ಮುದುಕನ ತಲೆ ತೆಗೆಸಿದ. ಮರುವರ್ಷ ಅವನೂ ಸತ್ತ. ಮುಂದೆ ರಾಜ್ಯ ಒಡೆಯಿತು, ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ಐದು ತುಂಡಾಯಿತು. ಒಂದು ಮುದ್ರೆ, ಒಂದು ಖಾಲಿ ಹಾಳೆ. ಮದರಸಾವನ್ನೂ ಕಾಲ ಸುಮ್ಮನೆ ಬಿಡಲಿಲ್ಲ. 1696ರಲ್ಲಿ ಮದ್ದು ಸಿಡಿದು ಒಂದು ಮಿನಾರ ಮತ್ತು ಮುಂದಿನ ಭಾಗ ಹೋಯಿತು. ಉಳಿದ ಮಿನಾರದ ಮೇಲಿನ ಹಸಿರು ನೀಲಿ ಹಂಚನ್ನು ಮಗಳಿಗೆ ಸಂಜೆಯ ಬಿಸಿಲಿನಲ್ಲಿ ತೋರಿಸಿ.

ಪ್ರಶ್ನೆ: ಭತ್ತಕ್ಕೆ ಯೂರಿಯಾ ತರಲು ಬೆಳಗಿನಿಂದ ಪಾಳಿ ಹಚ್ಚಿ ನಿಂತಿದ್ದೆ. ಇದನ್ನ ಮೊದಲು ಕಂಡುಹಿಡಿದವರು ಯಾರು? ಅದೂ ಇತಿಹಾಸ ಅಲ್ವಾ? (ರೈತ, ಶಹಾಪುರ)

ಖಂಡಿತ ಇತಿಹಾಸ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಭತ್ತ ಅದನ್ನು ನೇರವಾಗಿ ತಿನ್ನಲಾರದು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಬಹಳ ಒತ್ತಡ, ಬಹಳ ಶಾಖ ಕೊಟ್ಟು ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದ, 1913ರಲ್ಲಿ ಓಪ್ಪಾವ್ ಎಂಬಲ್ಲಿ. ನಿಮ್ಮ ಯೂರಿಯಾ ಚೀಲ ಹುಟ್ಟುವುದು ಆ ಅಮೋನಿಯದಿಂದಲೇ. ಇವತ್ತು ಭೂಮಿಯ ಸುಮಾರು ಅರ್ಧ ಜನರ ಊಟ ಅದರ ಮೇಲೆ ನಿಂತಿದೆ ಎಂದು ಲೆಕ್ಕ ಹಾಕುತ್ತಾರೆ.

ಅದೇ ಅಮೋನಿಯದಿಂದ ಯುದ್ಧದ ಸಿಡಿಮದ್ದೂ ಬಂತು. ಅದೇ ಹಾಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಊರಿನ ಹತ್ತಿರ ಸೈನಿಕರ ಮೇಲೆ ಕ್ಲೋರಿನ್ ವಿಷಗಾಳಿ ಬಿಡಿಸಿದ. ಹತ್ತೇ ದಿನಕ್ಕೆ ಅವನ ಹೆಂಡತಿ ಕ್ಲಾರಾ, ಅವಳೂ ರಸಾಯನ ಓದಿದವಳು, ಪ್ರಾಣ ಕಳೆದುಕೊಂಡಳು. ಅನ್ನ ಕೊಟ್ಟ ಕೈಯೂ ವಿಷ ಬಿಟ್ಟ ಕೈಯೂ ಒಂದೇ. ಈ ಪಾಠ ಮಾಡುವಾಗ ಪ್ರತಿ ವರ್ಷ ನನ್ನ ದನಿ ತಗ್ಗುತ್ತಿತ್ತು.

ನಿಮ್ಮ ಹೊಲದಲ್ಲಿ ತೊಗರಿಯೂ ಇದ್ದರೆ ಒಂದು ಕೆಲಸ ಮಾಡಿ. ಬಿತ್ತಿ ಒಂದೂವರೆ ತಿಂಗಳಾದ ಗಿಡವನ್ನು ಬುಡದ ಮಣ್ಣಿನ ಸಮೇತ ಮೆಲ್ಲಗೆ ಎಬ್ಬಿಸಿ, ಬೇರು ತೊಳೆಯಿರಿ. ಸಣ್ಣ ಸಣ್ಣ ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಅಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಿಂದ ಸಾರಜನಕ ಹಿಡಿಯುತ್ತಿವೆ ಎಂದರ್ಥ. ಹಾಬರ್ ಅಷ್ಟು ದೊಡ್ಡ ಯಂತ್ರದಲ್ಲಿ ಮಾಡಿದ್ದನ್ನು ತೊಗರಿ ಬೇರು ಶಬ್ದವಿಲ್ಲದೆ ಮಾಡುತ್ತಿದೆ. ಜೋಳದ ನಡುವೆ ತೊಗರಿಯ ಸಾಲು ಹಾಕುತ್ತಿದ್ದ ನಮ್ಮ ಹಿರಿಯರಿಗೆ ಅದರ ಗುಣ ಗೊತ್ತಿತ್ತು.

ಪ್ರಶ್ನೆ: ಅಕ್ಕಾರೆ, ನಾನು ಖಾನಾವಳಿ ನಡೆಸ್ತೀನಿ. ಬಸವಕಲ್ಯಾಣಕ್ಕೆ ಹೋಗುವ ಯಾತ್ರಿಕರು ಊಟಕ್ಕೆ ಬರ್ತಾರೆ. ಒಬ್ಬ ಅಜ್ಜ, "ಬಸವಣ್ಣನವರ ಕಾಲದ ದಾಸೋಹದಲ್ಲಿ ಇದೇ ಊಟ ಇತ್ತೇನವ್ವಾ?" ಅಂದ್ರು. ಇತ್ತಾ? (ಹುಮನಾಬಾದ್)

ಎಂಥ ಒಳ್ಳೆ ಪ್ರಶ್ನೆ! ನಿಮ್ಮ ತಾಟನ್ನೇ ಮುಂದಿಟ್ಟುಕೊಳ್ಳೋಣ. ಜೋಳದ ರೊಟ್ಟಿ ಇತ್ತು. ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ, ಆದರೆ ನಮ್ಮ ನೆಲಕ್ಕೆ ಬಂದು ಸಾವಿರಾರು ವರ್ಷವಾಗಿದೆ. ತೊಗರಿ ಬೇಳೆ ಇತ್ತು, ಬದನೆಕಾಯಿ ಇತ್ತು. ಎಳ್ಳು, ಬೆಲ್ಲ, ಮೊಸರು, ಹುಣಸೆ, ಬೆಳ್ಳುಳ್ಳಿ ಎಲ್ಲ ಇದ್ದವು.

ಶೇಂಗಾ ಹಿಂಡಿ ತೆಗೆಯಿರಿ. ಶೇಂಗಾ ದಕ್ಷಿಣ ಅಮೆರಿಕದ್ದು. ಕೆಂಪು ಖಾರ ತೆಗೆಯಿರಿ. ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ ತೆಗೆಯಿರಿ. ಊಟವಾದ ಮೇಲೆ ಕೊಡುವ ಪೇರಲ, ಪಪ್ಪಾಯಿ, ಸೀತಾಫಲವನ್ನೂ ತೆಗೆಯಿರಿ. ಇವೆಲ್ಲ 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆ ಹಡಗು ಹತ್ತಿ ಲೋಕ ಸುತ್ತಿದವು. ಮೆಣಸಿನಕಾಯಿಯನ್ನು ನಮ್ಮ ಕಡೆಗೆ ತಂದವರು ಪೋರ್ಚುಗೀಸರು, 16ನೇ ಶತಮಾನದಲ್ಲಿ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಖಾರಕ್ಕೆ ನಮಗೆ ಗೊತ್ತಿದ್ದದ್ದು ಮೆಣಸು, ಅಂದರೆ ಕರಿಮೆಣಸು. ಹೊಸ ಕಾಯಿ ಬಂದಾಗ ಅಡುಗೆಮನೆಯ ಹೆಂಗಸರು ಅದಕ್ಕೆ ಮೆಣಸಿನ ಕಾಯಿ ಅಂದರು. ಅದೇ ಹೆಸರು ನಿಂತಿತು. ಕಲ್ಯಾಣದ ಶರಣರ ಊಟದ ಖಾರ ಕರಿಮೆಣಸಿನದು. ಬೇಕಾದರೆ ಒಂದು ದಿನ ಎಳ್ಳಿನ ಪುಡಿ, ಮೆಣಸಿನ ಸಾರು, ರೊಟ್ಟಿ ಮಾಡಿ ಆ ಅಜ್ಜನಿಗೆ ಬಡಿಸಿ.

ಅದೇ ದಾರಿಯಲ್ಲಿ ಇನ್ನೊಂದು ಅತ್ತ ಕಡೆಗೆ ಹೋಯಿತು. ಸಿಡುಬು. 1520ರಲ್ಲಿ ಅದು ಮೆಕ್ಸಿಕೊ ಹೊಕ್ಕಿತು. ಅಲ್ಲಿನ ಜನರ ಮೈಗೆ ಆ ರೋಗದ ಪರಿಚಯವೇ ಇರಲಿಲ್ಲ. ಮರುವರ್ಷ ಅವರ ರಾಜಧಾನಿ ಬಿತ್ತು. ಕತ್ತಿಗಿಂತ ಆ ರೋಗ ಜಾಸ್ತಿ ಜನರನ್ನು ಕೊಂದಿತು. ನಮಗೆ ಮೆಣಸಿನಕಾಯಿ ಬಂತು, ಅವರಿಗೆ ಅದು ಹೋಯಿತು. ಹಿಂಡಿ ಕುಟ್ಟುವಾಗ ನನಗೆ ಇದು ಎಷ್ಟೋ ಸಲ ನೆನಪಾಗುತ್ತದೆ.

ಪ್ರಶ್ನೆ: ನಮ್ಮ ಅಜ್ಜಿಯ ತೋಳಿನ ಮೇಲೆ ನಾಣ್ಯದಷ್ಟು ದೊಡ್ಡ ಗುರುತಿದೆ. ಕೇಳಿದರೆ "ದೇವಿ ಹಾಕಿದ್ದು" ಅಂತಾಳೆ. ನನ್ನ ತೋಳಿನದು ಸಣ್ಣದು. ಎರಡೂ ಒಂದೇನಾ? (8ನೇ ತರಗತಿ ವಿದ್ಯಾರ್ಥಿನಿ, ಆಳಂದ)

ಇಲ್ಲ ಪುಟ್ಟಿ. ನಿನ್ನದು ಕ್ಷಯಕ್ಕೆ ಹಾಕುವ ಬಿಸಿಜಿ. ಅಜ್ಜಿಯದು ಸಿಡುಬಿನ ಲಸಿಕೆ. ನಮ್ಮ ಕಡೆ ಸಿಡುಬಿಗೂ ದೇವಿ ಅನ್ನುತ್ತಿದ್ದರು, ಲಸಿಕೆಗೂ ದೇವಿ ಹಾಕುವುದು ಅನ್ನುತ್ತಿದ್ದರು. ನನ್ನ ತೋಳಿನ ಮೇಲೂ ಇದೆ. ಆರು ವರ್ಷದವಳಿದ್ದೆ. ಹಲ್ಲು ಹಲ್ಲಿನ ಸಣ್ಣ ಚಕ್ರದಂಥದ್ದನ್ನು ತೋಳಿಗೆ ಒತ್ತಿ ತಿರುಗಿಸಿದರು. ನಾನು ಓಡಿಹೋಗಿ ಬೇವಿನ ಮರದ ಹಿಂದೆ ಬಚ್ಚಿಟ್ಟುಕೊಂಡಿದ್ದೆ, ಸೋದರತ್ತೆ ಎಳೆದು ತಂದಳು. ಅವಳ ಮುಖದ ತುಂಬ ಸಿಡುಬಿನ ಕಲೆ, ಒಂದು ಕಣ್ಣು ಸಿಡುಬಿಗೇ ಹೋಗಿತ್ತು. ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಎಂಬುದು ಈಗಲೂ ನೆನಪಿದೆ.

ಇದು ಶುರುವಾದದ್ದು 1796ರ ಮೇ 14ರಂದು. ಇಂಗ್ಲೆಂಡಿನ ಡಾಕ್ಟರ್ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬ ಹುಡುಗಿಯ ಕೈ ಮೇಲಿದ್ದ ಆಕಳ ಸಿಡುಬಿನ ಗುಳ್ಳೆಯ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ 8 ವರ್ಷದ ಹುಡುಗನಿಗೆ ಹಾಕಿದ. ಆಮೇಲೆ ಅವನಿಗೆ ಸಿಡುಬು ತಗುಲಲಿಲ್ಲ. 1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ 3 ವರ್ಷದ ಮಗುವಿಗೆ ಹಾಕಿದರು. ಭಾರತದಲ್ಲಿ ಫಲಿಸಿದ ಮೊದಲ ಲಸಿಕೆ ಅದೇ. ಅಲ್ಲಿಂದ ನಮ್ಮ ಹಳ್ಳಿಯ ಬೇವಿನ ಮರದ ತನಕ ಬರಲು ನೂರೈವತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. ಸೋದರತ್ತೆಗೆ ಸಮಯಕ್ಕೆ ಸಿಗಲಿಲ್ಲ, ನನಗೆ ಸಿಕ್ಕಿತು.

1967ರಿಂದ ಲೋಕದ ದೇಶಗಳೆಲ್ಲ ಸೇರಿ ಸಿಡುಬನ್ನು ಬೆನ್ನಟ್ಟಿದವು. ರಷ್ಯಾ, ಅಮೆರಿಕ ಒಬ್ಬರನ್ನೊಬ್ಬರು ನಂಬದ ಕಾಲ ಅದು, ಆದರೂ ಇದಕ್ಕೆ ಕೂಡಿ ದುಡಿದರು. ಆರೋಗ್ಯ ಕೆಲಸಗಾರರು ಮನೆಮನೆಗೆ ಹೋದರು, ರೋಗ ಕಂಡಲ್ಲಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಭಾರತದ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. ತಾನಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, ಮೆರ್ಕಾ ಊರಿನ ಆಸ್ಪತ್ರೆಯ ಅಡುಗೆಯವರು, 1977ರಲ್ಲಿ. ಸೂಜಿ ನೋಯುತ್ತೆ ಎಂದು ಹೆದರಿ ಅವರು ಲಸಿಕೆ ತಪ್ಪಿಸಿಕೊಂಡಿದ್ದರು, ನನ್ನ ಹಾಗೇ. ಅವರು ಬದುಕಿದರು. ಮುಂದೆ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ, ಹೆದರುವ ತಾಯಂದಿರಿಗೆ ತಮ್ಮ ಕಥೆ ಹೇಳುತ್ತ ತಿರುಗಿದರು. 2013ರಲ್ಲಿ ಆ ಕೆಲಸದಲ್ಲಿದ್ದಾಗಲೇ ಮಲೇರಿಯಾ ಬಂದು ತೀರಿಕೊಂಡರು. 1980ರ ಮೇ 8ರಂದು ಸಿಡುಬು ಲೋಕದಲ್ಲಿ ಇಲ್ಲ ಎಂದು ಸಾರಿದರು. ಅದಕ್ಕೇ ನಿನ್ನ ತೋಳಿನ ಮೇಲೆ ಆ ದೊಡ್ಡ ಗುರುತು ಇಲ್ಲ.

ಈಗ ನೀನು ಅಜ್ಜಿಯ ಹತ್ತಿರ ಕೂತು ಕೇಳು. ದೇವಿ ಹಾಕಿದಾಗ ಅವಳಿಗೆ ಎಷ್ಟು ವಯಸ್ಸು, ಎಲ್ಲಿ ಕೂರಿಸಿದರು, ಯಾರು ಹಿಡಿದುಕೊಂಡಿದ್ದರು, ಊರಲ್ಲಿ ಯಾರ ಮನೆಗೆ ಸಿಡುಬು ಬಂದಿತ್ತು. ಅವಳು ಹೇಳಿದ ಹಾಗೇ, ಅವಳ ಮಾತಿನಲ್ಲೇ ಬರೆದು ನನಗೆ ಕಳಿಸು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.